ಪಂಚಮಿಗೆ ಮುಂಚೆ, ಅಕ್ಕನಿಗೆ

ಬೇಮಳಖೇಡ
19 ಜುಲೈ 2020, ಭಾನುವಾರ

ಪ್ರೀತಿಯ ಅಕ್ಕಾ,

ನಾವೆಲ್ಲ ಇಲ್ಲಿ ಆರಾಮ. ಅಪ್ಪನ ದಮ್ಮು ಹದ್ದುಬಸ್ತಿನಲ್ಲಿದೆ. ಊಟಕ್ಕೆ ತಕರಾರಿಲ್ಲ, ನಿದ್ದೆಗೆ ಸ್ವಲ್ಪ ತಕರಾರು. ಹೊಲದಲ್ಲಿ ಹೆಸರು ಹೂ ಹಿಡಿಯುತ್ತಿದೆ, ತೊಗರಿ ಎದ್ದಿದೆ.

ಬರುವ ಶನಿವಾರ, 25ಕ್ಕೆ, ನಾಗರ ಪಂಚಮಿ. ಈ ಸಲ ನಿನ್ನನ್ನು ಕರೆಯಲು ಬರಲಾಗುವುದಿಲ್ಲ ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ಆದರೂ ದಿನಾ ಫೋನಿನಲ್ಲಿ ಮಾತಾಡುವಾಗ ಇಬ್ಬರೂ ಆ ಸುದ್ದಿ ಎತ್ತುವುದಿಲ್ಲ. ನಿಮ್ಮ ಪುಣೆಯಲ್ಲಿ 14ರಿಂದ ಮತ್ತೆ ಲಾಕ್‌ಡೌನ್, ನಮ್ಮಲ್ಲಿ ಭಾನುವಾರ ಪೂರ್ತಿ ಬಂದ್. ಬಂದರೂ ಗಡಿಯಲ್ಲಿ ತಡೆಯುತ್ತಾರೆ, ಬಿಟ್ಟರೂ ಕ್ವಾರಂಟೈನ್. ಅದಕ್ಕೇ ಇವತ್ತು ಕಾಗದ ಹಿಡಿದು ಕೂತಿದ್ದೇನೆ. ಫೋನಿನಲ್ಲಿ ನಾನು ಒಂದು ಹೇಳುವಷ್ಟರಲ್ಲಿ ನೀನು ಅಪ್ಪನ ಗುಳಿಗೆ ವಿಚಾರಿಸುತ್ತೀ, ಮಾತು ಅಲ್ಲಿಗೇ ಮುರಿಯುತ್ತದೆ.

ಮೊನ್ನೆ ರಾತ್ರಿ ನೀನು ಕೇಳಿದ ಮಾತು ನನ್ನನ್ನು ಬಿಟ್ಟಿಲ್ಲ. ಬಹಳ ದಿನದ ಮೇಲೆ ಹೋಳಿಗೆ ಮಾಡಿದೆ, ಹಾಲು ತುಪ್ಪ ಹಾಕಿಕೊಂಡು ಎಲ್ಲರೂ ಕೂತು ಉಂಡೆವು, ಮಗಳು ಏನೋ ಹೇಳಿ ನಗಿಸಿದಳು, ಭಾಳ ಖುಷಿಯಾಯಿತು ಅಂದಿ. ಕೈ ತೊಳೆಯುವಷ್ಟರಲ್ಲಿ ಗಲ್ಲಿಯ ಆ ಕಡೆ ಒಬ್ಬರು ತೀರಿಕೊಂಡ ಸುದ್ದಿ ಬಂತಂತೆ. "ಇಷ್ಟು ಮಂದಿ ಸಾಯ್ಲತ್ತಾರ, ನಾ ಹಿಂಗ ಖುಷಿ ಇರೋದು ಪಾಪ ಅಲ್ಲೇನೋ ತಮ್ಮಾ?" ಅಂತ ಕೇಳಿದಿ. ಆಗ ನಾನು "ಹಾಂಗೆಲ್ಲ ವಿಚಾರ ಮಾಡಬ್ಯಾಡ" ಎಂದು ಎಲ್ಲರೂ ಹೇಳುವುದನ್ನೇ ಹೇಳಿ ಫೋನ್ ಇಟ್ಟೆ. ನನ್ನ ನಿಜವಾದ ಉತ್ತರಕ್ಕೆ ಈ ನಾಲ್ಕು ತಿಂಗಳು ಪೂರ್ತಿ ಹೇಳಬೇಕಾಗುತ್ತದೆ. ಪುರುಸೊತ್ತಿನಿಂದ ಓದು.

ರೋಗ ಎಲ್ಲೋ ಚೀನಾದಲ್ಲಿದೆ ಅಂದುಕೊಂಡಿದ್ದೆವು. ದೇಶದ ಮೊದಲ ಸಾವು ಆದದ್ದು ನಮ್ಮ ಮಗ್ಗುಲಿನ ಕಲಬುರಗಿಯವರದು. 76 ವರ್ಷದ ಹಿರಿಯರು, ಹೈದರಾಬಾದಿನ ದವಾಖಾನೆಯಿಂದ ಊರಿಗೆ ಹಿಂದಿರುಗುವ ಹಾದಿಯಲ್ಲಿ ಮಾರ್ಚ್ 10ರಂದು ತೀರಿಕೊಂಡರು. ಅದು ಕೊರೊನಾ ಎಂದು ಎರಡು ದಿನ ಬಿಟ್ಟು ಗೊತ್ತಾಯಿತು. ಆ ವಾರ ಊರಿನ ಮುಖವೇ ಬದಲಾಯಿತು. ಕಲಬುರಗಿಯ ಹೆಸರು ಹೇಳಿದರೆ ಜನ ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. 22ಕ್ಕೆ ಜನತಾ ಕರ್ಫ್ಯೂ, ಸಂಜೆ ಐದಕ್ಕೆ ಚಪ್ಪಾಳೆ, ಜಾಗಟೆ. 24ರ ರಾತ್ರಿ ಎಂಟಕ್ಕೆ ದೇಶವೇ ಬಂದ್ ಎಂದರು. ಮರುದಿನ ಯುಗಾದಿ.

ನಮ್ಮ ಕಡೆಯ ಯುಗಾದಿ ನಿನಗೆ ಗೊತ್ತಿದೆಯಲ್ಲ, ಬೇವು ಕುಡಿಯದೆ ಹಬ್ಬವಿಲ್ಲ. ಬೇವಿನ ಹೂ, ಬೆಲ್ಲ, ಪುಟಾಣಿ ಹಿಟ್ಟು, ಮಾವಿನಕಾಯಿ ಹಾಕಿ ಕಲಸಿದ ಬೇವಿನ ಚರಿಗೆ ಮನೆಯಿಂದ ಮನೆಗೆ ಹೋಗಬೇಕು, ಅವರದು ನಮಗೆ, ನಮ್ಮದು ಅವರಿಗೆ. ಈ ಸಲ ಯಾರೂ ಯಾರ ಹೊಸ್ತಿಲನ್ನೂ ದಾಟಲಿಲ್ಲ. ಊರ ಹಾದಿಗೆ ಹುಡುಗರು ಜಾಲಿ ಕಂಟಿ ಹಚ್ಚಿದ್ದರು. ಅಪ್ಪ ತನ್ನ ಲೋಟ ಕುಡಿದು ಮುಗಿಸಿ, ಚರಿಗೆಯಲ್ಲಿ ಉಳಿದದ್ದನ್ನು ನೋಡುತ್ತ ಭಾಳ ಹೊತ್ತು ಕೂತ.

ಆ ದಿನ ಅಪ್ಪ ಕಿಲ್ಲಾರಿಯ ಭೂಕಂಪದ ಸುದ್ದಿ ತೆಗೆದ. ನಿನಗೂ ನೆನಪಿರಬೇಕು, 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿದ ಮರುದಿನ ನಸುಕಿನಲ್ಲಿ. ಲಾತೂರ ಕಡೆ ಸುಮಾರು ಹತ್ತು ಸಾವಿರ ಜನ ಸತ್ತರು. ನಮ್ಮಲ್ಲಿ ಭಾಂಡೆ ಉರುಳಿದವು, ಅಷ್ಟೇ. ಆದರೂ ಓಣಿಗೆ ಓಣಿಯೇ ಮನೆ ಬಿಟ್ಟು ಬಯಲಿಗೆ ಬಂದು ಮಲಗಿತ್ತು. "ಆವಾಗ ಎಲ್ರೂ ಹೊರಗ ಬಂದು ಒಂದೇ ಕಡಿ ಮಕ್ಕೊಂಡ್ವಿ. ಈಗ ಎಲ್ರೂ ಒಳಗ ಹೋಗ್ರಿ ಅಂತಾರ. ಒಳಗ ಹೋದ್ರ ಮಂದಿ ಮಾರಿ ಹ್ಯಾಂಗ ಕಾಣ್ಬೇಕು?" ಅಂದ. ನನಗೆ ಆ ಪ್ರಶ್ನೆ ಸರಿಯಾಗಿ ತಿಳಿದದ್ದು ಏಪ್ರಿಲ್ ತಿಂಗಳಲ್ಲಿ, ಮನ್ನಾಎಖ್ಖೆಳ್ಳಿಯ ಹೈವೇ ಮೇಲೆ.

ಹೈದರಾಬಾದ್‌–ಪುಣೆ ರಸ್ತೆ, ಈಗಿನ 65ನೇ ನಂಬರಿನ ಹೆದ್ದಾರಿ. ನಮ್ಮ ಕಡೆಯ ಬದುಕೆಲ್ಲ ಆ ರಸ್ತೆಗೇ ಕಟ್ಟಿಕೊಂಡದ್ದು. ಕೆಲಸ ಹುಡುಕಿ ಜಹೀರಾಬಾದ್, ಹೈದರಾಬಾದಿಗೆ ಹೋಗುವವರು ಬಲಕ್ಕೆ, ಸೊಲ್ಲಾಪುರ, ಪುಣೆಗೆ ಹೋಗುವವರು ಎಡಕ್ಕೆ. ನೀನು ಮದುವೆಯಾಗಿ ಹೋದದ್ದೂ ಅದೇ ರಸ್ತೆಯಿಂದ. ಬಂದ್ ಆಗಿ ಕೆಲಸ ನಿಂತ ಮೇಲೆ ಅದೇ ರಸ್ತೆಯಲ್ಲಿ ಚಿರಾಗಪಲ್ಲಿ ಚೆಕ್‌ಪೋಸ್ಟ್ ದಾಟಿಕೊಂಡು, ಕೆಲವರು ಪೊಲೀಸರ ಕಣ್ಣು ತಪ್ಪಿಸಿ ಹೊಲಗಳ ಒಳಹಾದಿ ಹಿಡಿದು, ಜನ ನಡೆದು ಬರಲು ಶುರುಮಾಡಿದರು. ತಲೆ ಮೇಲೆ ಗಂಟು, ಬಗಲಲ್ಲಿ ಕೂಸು, ಪ್ಲಾಸ್ಟಿಕ್ ಕೊಡ. ಕಮಲಾಪುರದ ಕಡೆಯವರು, ಆಳಂದದ ಕಡೆಯವರು, ಇನ್ನೂ ಮುಂದೆ ಮಹಾರಾಷ್ಟ್ರಕ್ಕೆ ಹೋಗುವವರು.

ಊರ ಹುಡುಗರು ರೊಟ್ಟಿ ಕೂಡಿಸುತ್ತೇವೆ ಅಂದರು. ಮುಳ್ಳು ಹಚ್ಚಿದ ಅದೇ ಹುಡುಗರು, ಅಕ್ಕಾ. ಅಂಜಿಕೆಯೂ ಕರುಣೆಯೂ ಒಂದೇ ಮನುಷ್ಯನಲ್ಲಿ ಇರುತ್ತವೆ ಎಂಬುದನ್ನು ಕಣ್ಣಾರೆ ಕಂಡೆ. ಮನೆ ಮನೆಯಲ್ಲಿ ಹೆಣ್ಣುಮಕ್ಕಳು ಕಡಕ್ ರೊಟ್ಟಿ ಬಡಿದರು. ಮೆತ್ತನ್ನ ರೊಟ್ಟಿ ಬಿಸಿಲಿಗೆ ಕೆಡುತ್ತದೆ, ಕಡಕ್ ಆದರೆ ಊರು ಮುಟ್ಟುವವರೆಗೆ ಇರುತ್ತದೆ. ಜೊತೆಗೆ ಶೇಂಗಾ ಹಿಂಡಿಯ ಪೊಟ್ಟಣ. ಹಿಟ್ಟು ಸಾಲದಾದಾಗ ಗಿರಣಿಯವನು ಬೀಸುವ ದುಡ್ಡು ತೆಗೆದುಕೊಳ್ಳಲಿಲ್ಲ. ಯಾರ ಜೋಳ, ಯಾರ ಹಿಟ್ಟು ಎಂಬ ಲೆಕ್ಕ ಹೋಯಿತು.

ನಮ್ಮ ಮನೆಯ ಜೋಳವನ್ನು ಅಳೆದು ಕೊಟ್ಟವನು ಅಪ್ಪ. ಅವನ ಅಳತೆ ನಿನಗೆ ಗೊತ್ತಲ್ಲ. ರಾಶಿ ಮನೆಗೆ ಬಂದಾಗ ಮೊದಲ ಸೇರಿಗೆ ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾನೆ. ಲಾಭ, ಎರಡು, ಮೂರು. ಕಣದಿಂದ ಚೀಲಕ್ಕೆ ತುಂಬುವಾಗ ಹಾಗೆ ಎಣಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇವೆ. ಅವತ್ತು ಹೊರಗೆ ಕೊಡುವ ಚೀಲಕ್ಕೂ ಅವನು ಸೇರು ತುಂಬ ಜೋಳ ಎತ್ತಿ, ಮೇಲೆ ಗೋಪುರ ಬರುವಂತೆ ಕೈಯಿಂದ ಒಟ್ಟಿ, "ಲಾಭ" ಅಂದ. ನಾನು ಚೀಲದ ಬಾಯಿ ಹಿಡಿದಿದ್ದೆ. ಬೆರಳ ಸಂದಿಯಿಂದ ಕಾಳು ಜಾರಿ ನೆಲಕ್ಕೆ ಬಿದ್ದರೆ ಬಗ್ಗಿ ಆರಿಸಿ ಮತ್ತೆ ಅದೇ ಚೀಲಕ್ಕೆ ಹಾಕಿದ. ದಮ್ಮಿನಿಂದ ಎದೆ ಸೀಟಿ ಹೊಡೆಯುತ್ತಿತ್ತು. ಬೇಡ, ನಾನು ಅಳೆಯುತ್ತೇನೆ ಅಂದರೆ ಕೇಳಲಿಲ್ಲ.

ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ನಮ್ಮ ಹುಡುಗರು ನೀರಿನ ಬ್ಯಾರಲ್, ರೊಟ್ಟಿಯ ಬುಟ್ಟಿ ಇಟ್ಟುಕೊಂಡು ನಿಲ್ಲುತ್ತಿದ್ದರು. ಮಾಸ್ತರ ಅಂತ ಪಾಸು ಇದ್ದದ್ದರಿಂದ ನಾನೂ ಹೋಗುತ್ತಿದ್ದೆ. ಒಂದು ಮಧ್ಯಾಹ್ನ ಒಬ್ಬ ಹೆಣ್ಣುಮಗಳು, ಗಂಡ, ಎರಡು ಮಕ್ಕಳು ಬಂದರು. ಹೈದರಾಬಾದಿನಲ್ಲಿ ಕಟ್ಟಡದ ಕೆಲಸಕ್ಕಿದ್ದವರು. ಸಣ್ಣ ಹುಡುಗಿಯ ಕಾಲಿಗೆ ಚಪ್ಪಲಿ ಇರಲಿಲ್ಲ, ಅರಿವೆ ಸುತ್ತಿದ್ದರು. ನಮ್ಮ ಹುಡುಗನೊಬ್ಬ ಎಂಟು ರೊಟ್ಟಿಯ ಕಟ್ಟು ಕೊಟ್ಟ. ಆಕೆ ಅದನ್ನು ಬಿಚ್ಚಿ, ನಾಲ್ಕು ತೆಗೆದುಕೊಂಡು, ಉಳಿದ ನಾಲ್ಕನ್ನು ತಿರುಗಿ ಬುಟ್ಟಿಯಲ್ಲಿ ಇಟ್ಟಳು. "ಸಾಕ್ರಿ ಯಣ್ಣಾ. ಮುಂದ ಹುಮನಾಬಾದ್ದಾಗ ಕೊಡ್ತಾರಂತ. ನಮ್ಮ ಹಿಂದ ಬಾಣಂತಿ ಒಬ್ಬಾಕಿ ಬರ್ಲತ್ತಾಳ, ಅಕಿಗಿ ಇಡ್ರಿ." ನೀರು ತುಂಬಿಸಿಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಆ ಬಾಣಂತಿ ನಿಜವಾಗಿ ಬಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಎಷ್ಟು ವರ್ಷದಿಂದ ಮಕ್ಕಳಿಗೆ ಆಯ್ದಕ್ಕಿ ಮಾರಯ್ಯನ ಕಥೆ ಹೇಳಿದ್ದೇನೆ! ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು, ಅದರಲ್ಲೇ ದಾಸೋಹ ಮಾಡುತ್ತಿದ್ದವನು. ಒಂದು ದಿನ ನಿತ್ಯಕ್ಕಿಂತ ಹೆಚ್ಚು ಆಯ್ದು ತಂದಾಗ ಹೆಂಡತಿ ಲಕ್ಕಮ್ಮ, ಇಷ್ಟು ನಮಗೆ ಬೇಡ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ತಿರುಗಿ ಕಳಿಸಿದಳು. ಬಸವಕಲ್ಯಾಣ ಇಲ್ಲಿಂದ ಎಷ್ಟು ದೂರ? ಅದೇ ಹೆದ್ದಾರಿಯಲ್ಲಿ ಹುಮನಾಬಾದ್ ದಾಟಿ ಮುಂದೆ. ಆ ಹೆಣ್ಣುಮಗಳು ನಡೆಯುತ್ತಿದ್ದದ್ದೂ ಆ ದಿಕ್ಕಿಗೇ. ಲಕ್ಕಮ್ಮ ಎಂಟುನೂರು ವರ್ಷದ ಹಿಂದಿನವಳು ಎಂದು ಇನ್ನು ಮುಂದೆ ನಾನು ಪಾಠ ಮಾಡಲಾರೆ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ಆ ದಿನಗಳಲ್ಲಿ ನನಗೆ ಭಾಳ ಜನ "ನಾವು ಪುಣ್ಯವಂತರು ನೋಡ್ರಿ ಸರ್, ಮನೆಯಾಗ ಇದ್ದೀವಿ, ಹಾದಿ ಮ್ಯಾಲ ಇಲ್ಲ" ಎಂದರು. ಆ ಮಾತು ನನ್ನ ಗಂಟಲಿನಲ್ಲಿ ಇಳಿಯಲಿಲ್ಲ. ಬರಿಗಾಲಿನ ಕೂಸನ್ನು ನೋಡಿ ನಮ್ಮ ಚಪ್ಪಲಿಗೆ ಸಂತೋಷಪಡುವುದು ನನಗೆ ಆಗದು. ನಿನ್ನ ಹೊಟ್ಟೆಯಲ್ಲಿ ಕಲಮಲ ಆಯಿತಲ್ಲ, ಅದು ಇದಕ್ಕೇ ಇರಬೇಕು. ನಿನಗೆ ಹೋಳಿಗೆಯ ಖುಷಿ ಕಹಿಯಾಗಲಿಲ್ಲ, ಆ ಖುಷಿಯನ್ನು ಇನ್ನೊಬ್ಬರ ಸಾವಿನ ಎದುರಿಗಿಟ್ಟು ತೂಗಬೇಕಾಯಿತಲ್ಲ, ಅದು ಕಹಿಯಾಯಿತು. ತೂಗಬೇಡ. ನಿನ್ನ ಎಲೆಗೆ ಆ ಹೋಳಿಗೆ ಯಾರ್‍ಯಾರ ಕೈಯಿಂದ ಬಂತು ಎಂದು ಹಿಂದಕ್ಕೆ ನಡೆದು ನೋಡು. ಕಡಲೆಬೇಳೆ, ಬೆಲ್ಲ, ಹಾಲು, ಸಿಲಿಂಡರ್. ಬಂದ್ ಇದ್ದಾಗಲೂ ಇವನ್ನೆಲ್ಲ ಯಾರೋ ಹೊತ್ತು ತಂದರು. ಅವರಿಗೆ ನಾವು ಸಲ್ಲಿಸಬೇಕಾದದ್ದು ಇದೆ. ನಾನು ಹಾಗೆ ನೋಡತೊಡಗಿದ ಮೇಲೆ ನನಗೆ ಖುಷಿಯೂ ಆಗುತ್ತಿದೆ, ಕೆಲಸವೂ ಸಿಗುತ್ತಿದೆ.

ನಮ್ಮ ಅಂಚೆಯವನ ಸುದ್ದಿ ಹೇಳುತ್ತೇನೆ. ಏಪ್ರಿಲಿನಿಂದ ಮೂರು ತಿಂಗಳು ಜನಧನ್ ಖಾತೆಯ ಹೆಣ್ಣುಮಕ್ಕಳಿಗೆ ಐನೂರು ಐನೂರು ರೂಪಾಯಿ ಬಂತಲ್ಲ. ಬ್ಯಾಂಕಿಗೆ ಹೋಗಲು ಗಾಡಿ ಇಲ್ಲ, ಹೋದರೆ ಗದ್ದಲ. ಅಂಚೆಯವನೇ ಸಣ್ಣ ಮಷೀನು ತಂದು ಓಣಿ ಓಣಿಯಲ್ಲಿ ಹೆಬ್ಬೆಟ್ಟು ತೆಗೆದುಕೊಂಡು ರೊಕ್ಕ ಕೊಟ್ಟ. ಹಿಂದಿನ ಓಣಿಯ ಮುದುಕಿ, ನಮಗೆಲ್ಲ ಎಣ್ಣೆ ಹಚ್ಚಿ ಎರೆದ ಆಯಿ, ಅವಳ ಹೆಬ್ಬೆಟ್ಟನ್ನು ಮಷೀನು ಹಿಡಿಯಲೇ ಇಲ್ಲ. ಕಳೆ ಕಿತ್ತು, ಬೇಳೆ ಒಡೆದು, ಭಾಂಡೆ ತಿಕ್ಕಿ ಬೆರಳಿನ ಗೆರೆಗಳೇ ಅಳಿಸಿ ಹೋಗಿವೆ. ಅಂಚೆಯವನು ಒದ್ದೆ ಅರಿವೆಯಿಂದ ಅವಳ ಬೆರಳನ್ನು ಒರೆಸಿದ, ಒಣಗಿಸಿದ, ಮತ್ತೆ ಒತ್ತಿಸಿದ. ಆಗಲಿಲ್ಲ. ಆ ಕೈ ಬಿಟ್ಟು ಈ ಕೈ, ಹೆಬ್ಬೆಟ್ಟು ಬಿಟ್ಟು ತೋರುಬೆರಳು. ಬಿಸಿಲಲ್ಲಿ ಮಂಡಿಯೂರಿ ಕೂತಿದ್ದಾನೆ, ಮಾಸ್ಕ್ ಬೆವರಿನಿಂದ ಒದ್ದೆಯಾಗಿದೆ, ಹಿಂದೆ ಸಾಲು ಕಾಯುತ್ತಿದೆ. ಒಮ್ಮೆಯೂ ಬೇಸರದ ಮಾತಿಲ್ಲ. ಕೊನೆಗೆ ಎಡಗೈಯ ಉಂಗುರದ ಬೆರಳು ಹಿಡಿಯಿತು. ಮಷೀನು ಚೀಟಿ ಉಗುಳಿದಾಗ ಸಾಲಿನವರೆಲ್ಲ ಹೋ ಅಂದರು. ಆಯಿ ಅವನಿಗೆ ಹತ್ತು ರೂಪಾಯಿ ಕೊಡಹೋದಳು, ಅವನು ಒಲ್ಲೆ ಅಂದ. ಆಕೆ ಒಳಗೆ ಹೋಗಿ ಮಜ್ಜಿಗೆ ತಂದು ಕಟ್ಟೆಯ ಮೇಲಿಟ್ಟು ದೂರ ಸರಿದು ನಿಂತಳು. ಅವನು ಮಾಸ್ಕ್ ಇಳಿಸಿ ಗಟಗಟ ಕುಡಿದ. ಈ ಪತ್ರ ಹಾಕುವುದೂ ಅವನ ಕೈಗೇ.

ಮೇ ತಿಂಗಳಲ್ಲಿ ನಮ್ಮ ಸಾಲಿ ಕ್ವಾರಂಟೈನ್ ಕೇಂದ್ರವಾಯಿತು. ಸೇವಾ ಸಿಂಧುವಿನಲ್ಲಿ ಹೆಸರು ಬರೆಸಿ ಮುಂಬೈ, ಪುಣೆಯಿಂದ ಬಂದವರನ್ನು ಅಲ್ಲಿ ಇಟ್ಟರು. ಬೆಂಚು ಸರಿಸಿ ಚಾಪೆ ಹಾಸಿದೆವು. ನಾನು ನೋಂದಣಿ ಪುಸ್ತಕ ಹಿಡಿದು ಬಾಗಿಲಲ್ಲಿ ಕೂಡುತ್ತಿದ್ದೆ. ಬಂದವರಲ್ಲಿ ಅರ್ಧ ಜನ ನನ್ನ ಹಳೆಯ ವಿದ್ಯಾರ್ಥಿಗಳೇ. ಎಂಟನೆಯ ಇಯತ್ತೆಗೆ ಸಾಲಿ ಬಿಟ್ಟು ಹೋದ ಒಬ್ಬ ಹುಡುಗ, ಈಗ ದೊಡ್ಡ ಗೌಂಡಿ, ತಾನು ಕೂಡುತ್ತಿದ್ದ ಕೋಣೆಯಲ್ಲೇ ಮಲಗಬೇಕೆಂದು ಹಟ ಹಿಡಿದು ಅಲ್ಲೇ ಚಾಪೆ ಹಾಸಿಕೊಂಡ. ಎರಡು ದಿನ ಸುಮ್ಮನಿದ್ದ. ಮೂರನೆಯ ದಿನ "ಸರ್, ನೀರಿನ ಟಾಕಿ ಕಟ್ಟಿ ಒಡದದ, ಸಿಮೆಂಟ್ ತರಸ್ರಿ" ಅಂದ. ತರಿಸಿದೆ. ಟಾಕಿಯ ಕಟ್ಟೆ, ಹುಡುಗಿಯರ ಶೌಚಾಲಯದ ಬಾಗಿಲ ಚೌಕಟ್ಟು, ಮೆಟ್ಟಿಲು, ಒಂದೊಂದಾಗಿ ಎಲ್ಲ ಸರಿಮಾಡಿದ. ಕೂಲಿ ಕೊಡಹೋದರೆ, "ನಿಮ್ಮ ಸಾಲ್ಯಾಗ ಉಂಡೀನಿ, ಮಲಗೀನಿ. ಕೂಲಿ ಹ್ಯಾಂಗ ತೊಗೊಳ್ಳಿ?" ಎಂದ. ರಾಜಸ್ಥಾನದ ಸೀಕರ್ ಜಿಲ್ಲೆಯ ಪಲಸಾನಾ ಎಂಬ ಊರಿನಲ್ಲೂ ಹೀಗೇ ಆಯಿತೆಂದು ಪೇಪರಿನಲ್ಲಿ ಬಂದಿತ್ತು. ಅಲ್ಲಿನ ಕೂಲಿಕಾರರು ತಾವಿದ್ದ ಸಾಲಿಗೆ ಪೂರ್ತಿ ಬಣ್ಣ ಬಳಿದುಕೊಟ್ಟರಂತೆ. ಓದಿದಾಗ ನನಗೆ ಆಶ್ಚರ್ಯ ಅನಿಸಲಿಲ್ಲ, ನಮ್ಮ ಗೌಂಡಿಯ ಕೈ ನೋಡಿದ್ದೆನಲ್ಲ.

ಜೂನ್ 25ರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆ ನಡೆಯಿತು. ಮಾಸ್ಕ್ ಹಾಕಿಕೊಂಡು, ದೂರ ದೂರ ಕೂತು, ರಾಜ್ಯದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು. ಮಕ್ಕಳ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಆ ಕಣ್ಣುಗಳಿಂದಲೇ ಯಾರು ನಗುತ್ತಿದ್ದಾರೆ, ಯಾರಿಗೆ ಲೆಕ್ಕ ಬಂದಿಲ್ಲ ಎಂದು ಹೇಳಬಲ್ಲೆ ಈಗ.

ಆ ಮಾಸ್ಕುಗಳಲ್ಲಿ ಬಹಳಷ್ಟನ್ನು ಹೊಲಿದದ್ದು ಮಸೀದಿ ಪಕ್ಕದ ಚಾಚಿ. ಏಪ್ರಿಲಿನಲ್ಲಿ ಮೊಬೈಲಿನ ತುಂಬ ಮುಸಲ್ಮಾನರ ಮೇಲೆ ಎಂಥೆಂಥ ವಿಷ ಓಡಾಡಿತು ಎಂದು ನಿನಗೂ ಗೊತ್ತು. ಆ ವಿಷ ನಮ್ಮ ಓಣಿಗೂ ಬಂತು, ಕೆಲವರು ಅವರ ಅಂಗಡಿಗೆ ಹೋಗುವುದನ್ನು ಬಿಟ್ಟರು. ಚಾಚಿ ಒಂದು ಮಾತೂ ಆಡದೆ, ಹಳೆಯ ಕಾಟನ್ ಸೀರೆಗಳನ್ನು ಕೇಳಿ ತರಿಸಿ, ತೊಳೆದು, ಹೊಲಿದು, ಮನೆಗಿಷ್ಟರಂತೆ ಕಳಿಸಿಕೊಟ್ಟಳು. ಮೇ 25ಕ್ಕೆ ಈದ್. ಈದ್ಗಾಕ್ಕೆ ಯಾರೂ ಹೋಗಲಿಲ್ಲ, ನಮಾಜು ಮನೆಯಲ್ಲೇ ಆಯಿತು. ಸಂಜೆ ಸ್ಟೀಲಿನ ಡಬ್ಬಿಯಲ್ಲಿ ಅಪ್ಪನಿಗೆ ಸುರಕುಂಬಾ ಬಂತು. ಅಪ್ಪ ನಿಜಾಮನ ಕಾಲದಲ್ಲಿ ಉರ್ದು ಸಾಲಿಯಲ್ಲಿ ಕಲಿತವನಲ್ಲವೇ, ಡಬ್ಬಿ ಹಿಂದೆ ಕಳಿಸುವಾಗ ಉರ್ದುವಿನಲ್ಲಿ ಎರಡು ಸಾಲು ಚೀಟಿ ಬರೆದು ಒಳಗಿಟ್ಟ. ಏನು ಬರೆದ ಎಂದು ನನಗೆ ಹೇಳಲಿಲ್ಲ. ಚಾಚಿ ಆ ಚೀಟಿಯನ್ನು ಹೊಲಿಗೆ ಮಷೀನಿನ ಡ್ರಾಯರಿನಲ್ಲಿ ಇಟ್ಟುಕೊಂಡಿದ್ದಾಳಂತೆ.

ಆಶಾ ಕಾರ್ಯಕರ್ತೆಯ ವಿಷಯ ಬರೆಯುವಾಗ ನನ್ನ ದನಿ ಸ್ವಲ್ಪ ಬಿರುಸಾಗುತ್ತದೆ, ತಾಳಿಕೋ. ಮಾರ್ಚಿನಿಂದ ಆಕೆ ಮನೆ ಮನೆ ತಿರುಗಿದ್ದಾಳೆ. ಯಾರಿಗೆ ಕೆಮ್ಮು, ಯಾರಿಗೆ ಜ್ವರ, ಯಾರ ಮನೆಗೆ ಎಲ್ಲಿಂದ ಯಾರು ಬಂದರು. ಕೆಲವರು ಬಾಗಿಲು ಹಾಕಿಕೊಂಡರು, ಕೆಲವರು ಬೈದರು. ಆದರೂ ಅಪ್ಪನ ಗುಳಿಗೆ ಮುಗಿಯುವ ದಿನವನ್ನು ನನಗಿಂತ ಮೊದಲು ನೆನಪಿಟ್ಟವಳು ಆಕೆಯೇ. ಹುಮನಾಬಾದಿನಿಂದ ಹಾಲಿನ ಗಾಡಿಯವನ ಕೈಲಿ ಗುಳಿಗೆ ತರಿಸಿಕೊಟ್ಟಳು. ರಾಜ್ಯದಲ್ಲಿ ಇಂಥವರು ಸುಮಾರು 42 ಸಾವಿರ ಮಂದಿ. ಇದೇ 10ರಿಂದ ಕೆಲಸ ನಿಲ್ಲಿಸಿ ಕೂತಿದ್ದಾರೆ. ತಿಂಗಳಿಗೆ ನಿಶ್ಚಿತವಾಗಿ 12 ಸಾವಿರ ಗೌರವಧನ ಕೊಡಿ, ಮೈ ಕಾಯ್ದುಕೊಳ್ಳುವ ಸಾಮಾನು ಕೊಡಿ ಎನ್ನುವುದು ಅವರ ಬೇಡಿಕೆ. ನಾವು ಇವರಿಗಾಗಿ ಚಪ್ಪಾಳೆ ಹೊಡೆದೆವಲ್ಲ, ಆ ಚಪ್ಪಾಳೆ ಮನಸ್ಸಿನಿಂದಲೇ ಬಂದಿತ್ತು, ನನಗೆ ಅದರಲ್ಲಿ ಸಂಶಯವಿಲ್ಲ. ಆದರೆ ಉಪಕಾರ ನೆನೆಯುವುದು ಅಲ್ಲಿಗೇ ಮುಗಿಯಬಾರದು. ಸಂಬಳದ ಮಾತು ಬಂದಾಗಲೂ ನಾವು ಅವರ ಬೆನ್ನಿಗೆ ಇರಬೇಕು. ನಮ್ಮ ಸಾಲಿಯ ಮಾಸ್ತರರೆಲ್ಲ ಸೇರಿ ಅವರ ಬೇಡಿಕೆಗೆ ಬೆಂಬಲದ ಕಾಗದ ಬರೆದು ಸಹಿ ಹಾಕಿದ್ದೇವೆ. ಕ್ಷೌರಿಕರಿಗೆ, ಅಗಸರಿಗೆ ಸರ್ಕಾರ ಮೇ 6ಕ್ಕೆ ಐದು ಸಾವಿರ ಸಾರಿತಲ್ಲ, ಅದರ ಅರ್ಜಿಗಳನ್ನೂ ಕೂತು ತುಂಬಿಕೊಟ್ಟೆವು. ನನಗೆ ಬರುವುದು ಬರೆಯುವ ಕೆಲಸ, ಅದನ್ನು ಮಾಡಿದೆ.

ಮೊಬೈಲಿನಲ್ಲಿ ದಿನಾ ಬೆಳಿಗ್ಗೆ ಒಂದು ಚಿತ್ರ ಬರುತ್ತದೆ. ಕೊರೊನಾ ನಮಗೆ ಪಾಠ ಕಲಿಸಿತು, ಕುಟುಂಬ ಕೂಡಿಸಿತು, ಗಾಳಿ ತಿಳಿಯಾಯಿತು, ಧನ್ಯವಾದ ಅಂತ. ನಾನು ಅದನ್ನು ಯಾರಿಗೂ ಕಳಿಸುವುದಿಲ್ಲ. ರೋಗಕ್ಕೆ ನಾನು ಕೈ ಮುಗಿಯಲಾರೆ, ಅಕ್ಕಾ. ನಿನ್ನ ಗಂಡನ ಎರಡು ತಿಂಗಳ ಸಂಬಳ ತಿಂದದ್ದು ಅದು, ನಿಮ್ಮ ಗಲ್ಲಿಗೆ ತಗಡು ಬಡಿಸಿದ್ದು ಅದು. ಒಳ್ಳೆಯದು ಏನಾಯಿತೋ ಅದೆಲ್ಲ ಮಂದಿಯಿಂದ ಆಯಿತು. ಅಪ್ಪ 1972ರ ಬರದ ಬಗ್ಗೆಯೂ ಹೀಗೇ ಹೇಳುತ್ತಾನೆ. ಕಲ್ಲು ಒಡೆದು, ರೇಷನ್ನಿನ ಪರದೇಶದ ಕೆಂಪು ಜೋಳ ತಿಂದು ಬದುಕಿದ ಕಾಲ. ಬರದಿಂದ ಏನು ಕಲಿತಿ ಎಂದು ಯಾರೋ ಕೇಳಿದಾಗ "ಬರದಿಂದ ಏನೂ ಕಲೀಲಿಲ್ಲ, ತನ್ನ ಬಾವಿ ಬಿಟ್ಟುಕೊಟ್ಟ ಗೌಡನಿಂದ ಕಲ್ತಿನಿ" ಅಂದಿದ್ದ.

ಇನ್ನು ಮನೆಯ ಸಂಗತಿ. ಲಾಕ್‌ಡೌನ್ ಹೊತ್ತಿನಲ್ಲಿ ನಾನು ರೊಟ್ಟಿ ಬಡಿಯಲು ಕಲಿತೆ. ಹಾದಿಯವರಿಗೆ ರೊಟ್ಟಿ ಬಡಿದು ಬಡಿದು ನಮ್ಮಾಕಿಯ ಮುಂಗೈ ಬಾತುಹೋಗಿತ್ತು. ಬಿಸಿ ಎಸರು ಹಾಕಿ ಹಿಟ್ಟು ನಾದುವುದು, ಅಂಗೈ ಬುಡದಿಂದ ಒತ್ತಿ ಒತ್ತಿ ಜಿಗುಟು ತರುವುದು, ಆಮೇಲೆ ಬಡಿಯುವುದು. ಬಡಿಯುವಾಗ ರೊಟ್ಟಿ ತಿರುಗಬೇಕು, ಕೈ ಒಂದೇ ಕಡೆ ಇರಬೇಕು. ನನ್ನ ಕೈಯಲ್ಲಿ ಅಂಚು ಸೀಳುತ್ತಿತ್ತು. ಒದ್ದೆ ಬೆರಳಿಂದ ಸವರಿ ಹೊಂದಿಸುವಾಗ ನಿನ್ನ ಕೈ ಕಣ್ಣ ಮುಂದೆ ಬಂತು. ಅವ್ವ ತೀರಿದ ವರ್ಷ ನೀನು ಏಳನೆಯ ಇಯತ್ತೆ. ಒಲೆಯ ಮುಂದಿನ ಮಣೆಯ ಮೇಲೆ ಕೂತರೆ ನಿನ್ನ ಕೈ ಹಂಚಿಗೆ ಸರಿಯಾಗಿ ಎಟುಕುತ್ತಿರಲಿಲ್ಲ, ಇಟ್ಟಂಗಿ ಇಟ್ಟು ಮಣೆ ಎತ್ತರಿಸಿಕೊಂಡಿದ್ದಿ. ಮೊಳಕೈವರೆಗೆ ಸುಟ್ಟ ಕಲೆಗಳಿದ್ದವು. ನಾನು ದಿನಾ ಬಿಸಿ ರೊಟ್ಟಿ ಕಟ್ಟಿಕೊಂಡು ಸಾಲಿಗೆ ಹೋದೆ, ನೀನು ಹೋಗಲಿಲ್ಲ. ನಿನ್ನ ಪಾಟಿಚೀಲವನ್ನು ನಾನು ಕಾಲೇಜು ಮುಗಿಸುವವರೆಗೆ ನೀನು ಜೋಪಾನ ಮಾಡಿದ್ದು ನನಗೆ ಗೊತ್ತು. ನಾನು ಮಾಸ್ತರನಾಗಿ ಮೊದಲ ಪಗಾರ ತಂದು ಅಪ್ಪನ ಕೈಲಿ ಕೊಟ್ಟಾಗ ಅಪ್ಪ ಅದನ್ನು ಹಾಗೇ ನಿನ್ನ ಕೈಗೆ ದಾಟಿಸಿದ್ದು ನೆನಪಿದೆಯೇ? ಅವನಿಗೆ ಲೆಕ್ಕ ಗೊತ್ತಿತ್ತು.

ನಮ್ಮ ಮನೆಗಳಲ್ಲಿ ಇಂಥದ್ದನ್ನು ಬಾಯಿಬಿಟ್ಟು ಹೇಳುವ ರೂಢಿ ಇಲ್ಲ. ಹೇಳಿದರೆ ನೀನು "ಏನ್ ಹುಚ್ಚ ಇದ್ದಿ" ಎಂದು ಬೈಯುತ್ತೀ. ಬೈ. ಈ ನಾಲ್ಕು ತಿಂಗಳಲ್ಲಿ ಅಂಚೆಯವನಿಗೆ, ಗೌಂಡಿಗೆ, ಆಶಾ ತಾಯಿಗೆ ಎಲ್ಲರಿಗೂ ಹೇಳಿದೆ, ನಿನಗೆ ಹೇಳುವುದು ಉಳಿಯಬಾರದು. ನಾನು ಓದಿದ ಒಂದೊಂದು ಅಕ್ಷರವೂ ನೀನು ಕೊಟ್ಟದ್ದು. ನಾನು ಮಕ್ಕಳಿಗೆ ಕಲಿಸುವಾಗ ನಿನ್ನ ಪಾಲನ್ನೇ ಹಂಚುತ್ತಿದ್ದೇನೆ. ಇದನ್ನು ಬರೆದು ಇಟ್ಟುಕೋ, ಮಗಳಿಗೂ ಓದಿ ಹೇಳು.

ಪಂಚಮಿಯ ಉಂಡಿ ಈ ಸಲವೂ ಆಗುತ್ತವೆ. ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳಿನುಂಡಿ. ನಿನ್ನ ಡಬ್ಬಿ ಬೇರೆ ತೆಗೆದಿಡುತ್ತೇವೆ, ಪಾರ್ಸೆಲ್ ಯಾವಾಗ ತೆಗೆದುಕೊಳ್ಳುತ್ತಾರೋ ಕೇಳಿ ಕಳಿಸುತ್ತೇನೆ. ನಿಮ್ಮ ಮನೆಯವರಿಗೆ ಬಿಪಿ ಗುಳಿಗೆ ತಪ್ಪಿಸಬೇಡ ಎಂದು ಹೇಳು. ಕಂಪನಿಯವರು ಮತ್ತೆ ಕರೆದದ್ದು ಒಳ್ಳೆಯದಾಯಿತು. ಅಪ್ಪನಿಗೆ ರಾತ್ರಿ ಎಂಟಕ್ಕೆ ಫೋನ್ ಮಾಡು, ಆಮೇಲೆ ಅವನಿಗೆ ಕಿವಿ ಸರಿಯಾಗಿ ಕೇಳುವುದಿಲ್ಲ.

ಇನ್ನೊಂದು ಕೆಲಸ ನಿನ್ನಿಂದ ಆಗಬೇಕು. ನಿಮ್ಮ ಗಲ್ಲಿ ಮುಚ್ಚಿದ್ದಾಗ ಮೇಲಿನ ಮನೆಯ ಕಾಕೂ ದಿನಾ ಹಾಲು, ಕೋತಂಬರಿ ಬಾಗಿಲಿಗೆ ತಂದಿಟ್ಟು ಬೆಲ್ ಒತ್ತಿ ಹೋಗುತ್ತಿದ್ದರು ಅಂದಿದ್ದಿಯಲ್ಲ, ಅವರ ಪೂರ್ತಿ ಹೆಸರು, ಮನೆ ನಂಬರು ಕಳಿಸು. ಅವರಿಗೊಂದು ಪತ್ರ ಬರೆಯಬೇಕೆಂದು ಅಪ್ಪ ಮೊನ್ನೆಯಿಂದ ಗಂಟು ಬಿದ್ದಿದ್ದಾನೆ. ಮರಾಠಿಯಲ್ಲಿ ಅವನು ಹೇಳುತ್ತಾನೆ, ನಾನು ಬರೆಯುತ್ತೇನೆ. ನನ್ನ ಮರಾಠಿ ಕಾಗುಣಿತದ ಮೇಲೆ ಅವನಿಗೆ ನಂಬಿಕೆ ಇಲ್ಲ, ಹೀಗಾಗಿ ಮೊದಲು ನಿನಗೆ ಕಳಿಸುತ್ತೇವೆ. ಮಗಳ ಕಡೆಯಿಂದ ತಿದ್ದಿಸಿ, ನೀನೇ ಮೇಲೆ ಹೋಗಿ ಕೊಟ್ಟು ಬಾ.

ನಿನ್ನ ತಮ್ಮ